ತೊಟ್ಟಿ ನೀರಲ್ಲಿ ತೊಳೆದ ಬಾಳೆ ಮೀನು

ಮೀನು ಕೊಳ್ಳಲು ಹೋದಾಗ ಮಾರುವವನ ಮುಖ ನೋಡಬಾರದು, ಮೀನಿನ ಮುಖ ನೋಡಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಕಿವಿರು ಎತ್ತಿದರೆ ಒಳಗೆ ಕೆಂಪು ಕಾಣಬೇಕು, ಕಂದು ಕಂಡರೆ ಮುಂದಿನ ಬುಟ್ಟಿಗೆ ಹೋಗಬೇಕು. ಹೊಟ್ಟೆಯ ಮೇಲೆ ಬೆರಳೊತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಇಷ್ಟನ್ನೂ ನೋಡಿ, ಏನೂ ಹಿಡಿಸದವರಂತೆ ಮುಂದಕ್ಕೆ ನಡೆಯಬೇಕು. ಹಿಂದಿನಿಂದ ಕರೆದರೆ ಬೆಲೆ ಇಳಿಯಿತು ಎಂದು ಅರ್ಥ. ಕರೆಯದಿದ್ದರೆ ಮೀನು ನಿಜವಾಗಿಯೂ ಚೆನ್ನಾಗಿದೆ ಎಂದು ಅರ್ಥ. ಆಗ ನಾಚಿಕೆ ಬಿಟ್ಟು ತಿರುಗಿ ಹೋಗಿ ಕೊಂಡುಬಿಡಬೇಕು.

ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಯಜಮಾನರು ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು. ಹಳೆ ಸೀರೆ, ಹಳೆ ಪ್ಯಾಂಟು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಕ್ಕೆ ಇಳಿದೆ. ಶಿವಮೊಗ್ಗದ ಬೀದಿಬೀದಿಯಲ್ಲಿ ಬುಟ್ಟಿ ಹೊತ್ತು ಕೂಗಿದವಳು ನಾನು. ಈಗ ಸವಳಂಗ ರಸ್ತೆಯಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ರವೀಂದ್ರನಗರದಲ್ಲಿ ಮನೆ ಇದೆ, ಮಹಡಿಯನ್ನು ಬಾಡಿಗೆಗೆ ಬಿಟ್ಟಿದ್ದೇನೆ. ಕೊಳ್ಳುವ ವಸ್ತುವನ್ನು ಕಣ್ಣಲ್ಲಿ, ಬೆರಳಲ್ಲಿ, ಮೂಗಲ್ಲಿ ಪರೀಕ್ಷೆ ಮಾಡಿ ತೆಗೆದುಕೊಂಡರೆ ಮೋಸ ಹೋಗುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಇಷ್ಟು ದೂರ ಬಂದೆ.

ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಬರೆದುಬಿಡುವುದು ಲೇಸು. ಮುಂದೆ ನಾನು ಹೇಳುವುದನ್ನು ಓದುವಾಗ ನನ್ನ ಮಗಳಿಗೆ ಬಂದ ಅನುಮಾನವೇ ನಿಮಗೂ ಬರುತ್ತದೆ. ಆಮೇಲೆ ಬರುವುದಕ್ಕಿಂತ ಈಗಲೇ ಬರಲಿ.

ಅಕ್ಕ, ಭಾವ ಇರುವುದು ಭದ್ರಾವತಿಯಲ್ಲಿ, ಹೊಳೆಗೆ ಹತ್ತಿರ. ಭಾವ ಕಾರ್ಖಾನೆ ಕೆಲಸದಿಂದ ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ನಾನು ಬುಟ್ಟಿ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ನನ್ನ ಮಗಳು ಬೆಳೆದದ್ದು ಅಲ್ಲಿ. ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದೆ. ಅದಕ್ಕಾಗಿ ನನಗೆ ಬೇಸರವೇನಿಲ್ಲ, ಹೊಟ್ಟೆಪಾಡು ಹಾಗಿತ್ತು. ಆದರೆ ಕೂಸಿಗೆ ನಾನು ಹೆಸರಿಗೆ ಅಮ್ಮ, ಅಕ್ಕ ಬಾಯ್ತುಂಬ ದೊಡ್ಡಮ್ಮ. ಸೀರೆಯ ನೆರಿಗೆ ಹಿಡಿಯುವುದು ಅಕ್ಕನ ಹಾಗೆ. ಸೊಪ್ಪು ಸೋಸುವಾಗ ಕಾಲು ಚಾಚಿ ಕೂರುವುದು ಅಕ್ಕನ ಹಾಗೆ. ಜ್ವರ ಬಂದರೆ ಮೊದಲ ಫೋನು ಭದ್ರಾವತಿಗೆ, ಎರಡನೆಯದು ನನಗೆ. ಮದುವೆಯಾಗಿ ವಿದ್ಯಾನಗರದಲ್ಲಿ, ನನ್ನ ಮನೆಯಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ ಸಂಸಾರ ಹೂಡಿದ ಮೇಲೂ ಅದು ಬದಲಾಗಲಿಲ್ಲ. ನನ್ನ ಮೀನು ಸಾರು ಉಂಡು "ಚೆನ್ನಾಗಿದೆ ಅಮ್ಮ" ಅನ್ನುತ್ತಾಳೆ. ಅಕ್ಕನ ಸಾರಿಗೆ ಏನೂ ಅನ್ನುವುದಿಲ್ಲ, ತಟ್ಟೆ ನೆಕ್ಕುತ್ತಾಳೆ. ಹೊಗಳಿಕೆ ಬೇರೆ, ನೆಕ್ಕುವುದು ಬೇರೆ. ಅಂಗಡಿ ನಡೆಸುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: "ಚೆನ್ನಾಗಿದೆ" ಎಂದ ಗಿರಾಕಿ ಪಾತ್ರೆ ಕೆಳಗಿಟ್ಟು ಹೊರಡುತ್ತಾನೆ.

ಅಕ್ಕನ ಸಾರಿನ ಗುಟ್ಟು ಅವಳ ಹಿತ್ತಲಿನ ಸಿಮೆಂಟ್ ತೊಟ್ಟಿ. ಭಾವ ಗಾಳ ಹಾಕುವುದು ಊರಿನ ದೊಡ್ಡ ಚರಂಡಿ ಭದ್ರೆಗೆ ಸೇರುವ ಜಾಗದ ಕೆಳಗೆ. ಅಲ್ಲಿ ಮೀನು ಒಟ್ಟುಗೂಡುತ್ತವೆ, ಕೊಬ್ಬಿಯೂ ಇರುತ್ತವೆ. ಅದರಲ್ಲೂ ಬಾಳೆ ಮೀನು: ಚಿಪ್ಪಿಲ್ಲದ, ಉದ್ದ ಮೈಯ, ಚಿಕ್ಕಪುಟ್ಟ ಮೀನುಗಳನ್ನು ನುಂಗಿ ಬೆಳೆಯುವ ದೊಡ್ಡ ಬಾಯಿಯ ಮೀನು. ಹಿಡಿದದ್ದನ್ನು ಭಾವ ಜೀವಂತವಾಗಿ ಬಕೆಟ್ಟಿನಲ್ಲಿ ತರುತ್ತಾರೆ. ಅಕ್ಕ ಅದನ್ನು ಅವತ್ತೇ ಕೊಯ್ಯುವುದಿಲ್ಲ. ತೊಟ್ಟಿಗೆ ಬೋರ್‌ವೆಲ್ ನೀರು ತುಂಬಿ ಬಿಡುತ್ತಾಳೆ. ದಿನಾ ನೀರು ಬದಲಿಸುತ್ತಾಳೆ. ಹೊಳೆಯ ಕೆಸರು ವಾಸನೆ ಬಿಟ್ಟು ನೀರು ತಿಳಿಯಾಗಿ ನಿಂತ ಮೇಲೆಯೇ ಕತ್ತಿ ಎತ್ತುವುದು. ಆ ಬೀದಿಯಲ್ಲಿ ಹೊಳೆ ಮೀನು ತಿನ್ನುವ ಮನೆಯವರೆಲ್ಲ ಹೀಗೇ ಮಾಡುತ್ತಾರೆ, ಆದರೆ ಅಕ್ಕನಷ್ಟು ತಾಳ್ಮೆ ಯಾರಿಗೂ ಇಲ್ಲ. ತೊಟ್ಟಿಯಲ್ಲಿ ತೊಳೆದ ಮೀನಿಗಿಂತ ಶುದ್ಧ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಹೇಳುವಾಗ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ.

ಮಗಳು ಬಸುರಿಯಾದಳು. ಸುದ್ದಿ ಮೊದಲು ಹೋದದ್ದು ಎಲ್ಲಿಗೆ ಎಂದು ಬೇರೆ ಬರೆಯಬೇಕಾಗಿಲ್ಲ. ಆಮೇಲೆ ಭಾನುವಾರ ಬಂತೆಂದರೆ ಭದ್ರಾವತಿಯ ಬಸ್ಸು. "ಬಯಕೆ ಕಣಮ್ಮ, ದೊಡ್ಡಮ್ಮನ ಮೀನು ಬಿಟ್ರೆ ಬೇರೆ ಏನೂ ಸೇರ್ತಿಲ್ಲ" ಎಂದಳು. ಮೀನು ತಿನ್ನಬಹುದಾ ಎಂದು ಡಾಕ್ಟರನ್ನೂ ಕೇಳಿದ್ದಳಂತೆ. ಧಾರಾಳವಾಗಿ ತಿನ್ನಿ, ಒಳ್ಳೆಯದು ಎಂದಿದ್ದರಂತೆ.

ಒಂದು ಭಾನುವಾರ ನಾನೂ ಅಂಗಡಿ ಮುಚ್ಚಿ ಅವಳ ಜೊತೆ ಹೋದೆ. ಊಟಕ್ಕೆ ಕೂತಾಗ ಅಕ್ಕ ಬಾಳೆ ಮೀನಿನ ತಲೆಯನ್ನು ಇಡಿಯಾಗಿ ಮಗಳ ತಟ್ಟೆಗೆ ಬಡಿಸಿದಳು. ಅದರ ಪಕ್ಕದಲ್ಲಿ ಬೇರೆಯಾಗಿ ಹುರಿದ ಲಿವರು, ಮೊಟ್ಟೆಯ ಗೊನೆ. ನಮ್ಮ ಕಡೆ ಬಸುರಿಗೆ ಹೊಳೆ ಮೀನಿನ ತಲೆ, ಒಳಗಿನದು ಮೀಸಲು, ಗಂಡಸರಿಗೂ ಕೊಡುವುದಿಲ್ಲ.

"ನಂಗೊಂದು ಚೂರು ಲಿವರ್ ಹಾಕೇ" ಎಂದೆ ನಾನು, ಸುಮ್ಮನೆ.

"ನೀನೇನು ಬಸುರಿಯೇನೇ?" ಎಂದಳು ಅಕ್ಕ.

ಭಾವ ನಕ್ಕರು. "ಬಿಡೇ, ಒಂದು ಚೂರು ಹಾಕು. ನಾದಿನಿ ಚೌಕಾಸಿ ಶುರು ಮಾಡಿದ್ರೆ ತಲೆನೂ ಹೊತ್ಕೊಂಡು ಹೋಗ್ತಾಳೆ."

ಮಗಳು ನಗುತ್ತಾ ಆ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕಿವಿರಿನ ಸಂದಿಯವರೆಗೂ ಚೀಪಿದಳು. ಅಕ್ಕ ಊಟ ಮಾಡದೆ ಅವಳನ್ನೇ ನೋಡುತ್ತಾ ಕೂತಿದ್ದಳು. ಹಡೆದವಳು ನೋಡುವ ನೋಟ ಅದು. ನನ್ನ ನೋಟವನ್ನು ಅವಳು ಇಟ್ಟುಕೊಂಡಿದ್ದಾಳೆ ಅನ್ನಿಸಿತು ನನಗೆ.

ಅದಾದ ಮೇಲೆ ನನ್ನ ಮಹಡಿಯ ಹುಡುಗಿಯ ಕಥೆ. ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಒಬ್ಬಳೇ ಬಾಡಿಗೆಗೆ ಇದ್ದಳು. ಮಿತವಾದ ಮಾತು, ಬಾಡಿಗೆ ಸರಿಯಾಗಿ ಕೊಡುವವಳು. ಒಂದು ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಅವಳನ್ನು ಕಂಡೆ. ಮೀನಿನವನು ಹೇಳಿದ ಬೆಲೆಗೆ ತಲೆಯಾಡಿಸಿ ಪರ್ಸು ತೆಗೆಯುತ್ತಿದ್ದಳು. ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

"ಏನು ಭಾಯ್, ಹುಡುಗಿ ಅಂತ ಟೋಪಿ ಹಾಕ್ತೀಯ?" ಎಂದೆ.

"ಅರೆ ಅಮ್ಮ, ಬಿಲ್ಕುಲ್ ತಾಜಾ ಮಾಲು, ಹೊಳೆದು. ನೀವು ಬಂದ್ರೆ ನಂದು ಬೋಣಿನೇ ಹಾಳು" ಎಂದ ಅವನು.

ಅವನ ಬೋಣಿ ಹಾಳು ಮಾಡಿ, ಕೊಸರಿಗೆ ಒಂದು ಚಿಕ್ಕ ಮೀನನ್ನೂ ಹಾಕಿಸಿ, ಚೀಲ ಅವಳ ಕೈಗೆ ಕೊಟ್ಟೆ. ದಾರಿಯಲ್ಲಿ, "ಇಷ್ಟು ದೊಡ್ಡ ಮೀನು ಒಬ್ಬಳಿಗೆ ಯಾಕಮ್ಮ? ಅರ್ಧ ಕೆಳಗೆ ಕೊಡು, ಮಸಾಲೆ ಹಾಕಿ ಕೊಡ್ತೀನಿ" ಎಂದೆ.

"ಇದು ತಿನ್ನೋಕಲ್ಲ ಆಂಟಿ, ಲ್ಯಾಬಿಗೆ. ಇದರ ಲಿವರ್, ಕಿವಿರು, ಮಾಂಸ ಬೇರೆ ಬೇರೆ ಮಾಡಿ ಟೆಸ್ಟ್ ಮಾಡ್ತೀವಿ. ಯಾವುದರಲ್ಲಿ ಎಷ್ಟು ಲೋಹ ಸೇರಿದೆ ಅಂತ."

"ಲೋಹವಾ? ಮೀನಿನೊಳಗೆ?"

"ಹೂಂ. ಸೀಸ, ಪಾದರಸ, ಕ್ಯಾಡ್ಮಿಯಂ, ಇಂಥವು."

ಸೀಸ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ತವರದ ಜೊತೆ ಸೀಸ ಬೆರೆಸಿ ದುಡ್ಡು ಉಳಿಸುವವರಿದ್ದಾರೆ. ಬಿಳಿ ಬಟ್ಟೆಯಿಂದ ತಿಕ್ಕಿ, ಕಪ್ಪು ಹತ್ತಿದರೆ ಅಂಥ ಪಾತ್ರೆಯನ್ನು ನಾನು ವಾಪಸು ಕಳಿಸುತ್ತೇನೆ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು ಎಂದು ನನ್ನ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಮೀನನ್ನು ಯಾವ ಬಟ್ಟೆಯಲ್ಲಿ ತಿಕ್ಕುವುದು?

ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಒಂದೊಂದೇ ಕೇಳಿದೆ. ಚರಂಡಿ, ವರ್ಕ್‌ಶಾಪು, ಹಳೆ ಬ್ಯಾಟರಿ, ಬಣ್ಣ, ಹೊಲಕ್ಕೆ ಹಾಕಿದ ಗೊಬ್ಬರ ಎಲ್ಲವೂ ಹೊಳೆಗೆ ಬರುತ್ತದೆ, ಯಾರೊಬ್ಬರತ್ತಲೂ ಬೆರಳು ಮಾಡಲಾಗದು ಎಂದಳು. ನೀರಿನಲ್ಲಿ ಕಾಣದಷ್ಟು ಇದ್ದರೂ ಕೆಸರಿನಲ್ಲಿ ಕೂರುತ್ತದೆ. ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಚಿಕ್ಕ ಮೀನಿಗೆ, ಚಿಕ್ಕದರಿಂದ ದೊಡ್ಡದಕ್ಕೆ. ಬೇರೆ ಮೀನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು. ಲಿವರು, ಕಿವಿರುಗಳಲ್ಲಿ ಬೇರೆ ಲೋಹಗಳೂ ಹೆಚ್ಚು ಕೂಡಿಕೊಂಡಿರುತ್ತವೆ. ಬೇಯಿಸಿದರೂ ಹೋಗುವುದಿಲ್ಲ, ಹುಣಸೆಹಣ್ಣು ಹಾಕಿದರೂ ಹೋಗುವುದಿಲ್ಲ.

"ಒಳ್ಳೆ ನೀರಿನ ತೊಟ್ಟೀಲಿ ಬಿಟ್ಟು ತೊಳೆದ್ರೆ?" ಎಂದೆ.

"ಹೊಟ್ಟೆಯ ಕೆಸರು ಹೋಗುತ್ತೆ, ವಾಸನೆ ಹೋಗುತ್ತೆ. ಮೈಗೆ ಸೇರಿದ್ದು ಅಷ್ಟು ಬೇಗ ಬಿಡಲ್ಲ ಆಂಟಿ."

"ಬಸುರಿಯರು ತಿಂದ್ರೆ?"

ಅವಳು ಕಾಫಿ ಲೋಟ ಕೆಳಗಿಟ್ಟಳು. "ಒಂದು ದಿನ ತಿಂದ್ರೆ ಏನೂ ಆಗಿಬಿಡಲ್ಲ, ಹೆದರಬೇಡಿ. ಆದ್ರೆ ವಾರವಾರ, ಅದೇ ಜಾಗದ್ದು, ಅದೇ ದೊಡ್ಡ ಮೀನು ಅಂದ್ರೆ... ತಾಯಿಯಿಂದ ಮಗುವಿಗೆ ಹೋಗುತ್ತೆ. ಅದರ ಮೆದುಳು ಬೆಳೆಯೋ ಹೊತ್ತಲ್ವಾ. ನಮ್ಮನೇಲಿ ಬಸುರಿ ಇದ್ರೆ ನಾನು ಕೊಡಲ್ಲ."

ನಿಜ ಹೇಳುತ್ತೇನೆ. ಆ ಕ್ಷಣದಲ್ಲಿ ನನಗೆ ಎರಡು ಆಯಿತು. ಮಗಳು ಚೀಪಿದ ಆ ತಲೆ ಕಣ್ಣ ಮುಂದೆ ಬಂದು ಹೆದರಿಕೆಯಾಯಿತು. ಅದರ ಬೆನ್ನಿಗೇ ಒಂದು ತೆಳ್ಳನೆಯ ಸಂತೋಷ. ಅಕ್ಕನ ತೊಟ್ಟಿ ಸೋತಿತು ಎಂಬ ಸಂತೋಷ. ಹೆದರಿಕೆ ದೊಡ್ಡದೇ, ಆದರೆ ಸಂತೋಷವೂ ಇತ್ತು.

ಅವತ್ತೇ ಸಂಜೆ ವಿದ್ಯಾನಗರಕ್ಕೆ ಹೋದೆ. ಆ ಸಂತೋಷದ ಒಂದು ಎಳೆ ನನ್ನ ದನಿಯಲ್ಲಿ ಉಳಿದಿತ್ತೋ ಏನೋ. ಎಲ್ಲವನ್ನೂ ಹೇಳಿ ಮುಗಿಸಿದೆ. ಮಗಳು ಕೇಳಿದಳು: "ಅಮ್ಮ, ಆ ಹೊಳೆ ಮೀನನ್ನ ಊರೆಲ್ಲಾ ತಿಂತಾರೆ. ನಾನು ಹುಟ್ಟಿದಾಗಿಂದ ತಿಂದಿದೀನಿ. ಇಷ್ಟು ವರ್ಷ ಇಲ್ಲದ ವಿಷ ಈಗ ದೊಡ್ಡಮ್ಮನ ತೊಟ್ಟೀಲಿ ಮಾತ್ರ ಬಂತಾ?"

"ತೊಟ್ಟಿದಲ್ಲ ಕಣೇ, ಹೊಳೆದು."

"ಹೋದ ಸಲ ಅವಳು ಕೊಟ್ಟ ಲೇಹ್ಯ ಉಷ್ಣ ಅಂದೆ. ಅದಕ್ಕೂ ಮುಂಚೆ ಅವಳು ಹೊಲೆದ ಕೌದಿಯ ಬಟ್ಟೆ ಚುಚ್ಚುತ್ತೆ ಅಂದೆ. ಈಗ ಮೀನು. ನಿಂಗೆ ಹೊಟ್ಟೆಕಿಚ್ಚು ಅಮ್ಮ. ಬೇಜಾರು ಮಾಡ್ಕೋಬೇಡ, ಹೇಳಿಬಿಟ್ಟೆ."

ಲೇಹ್ಯ ಉಷ್ಣವೇ ಆಗಿತ್ತು, ಕೌದಿಯ ಬಟ್ಟೆಯೂ ಒರಟೇ ಆಗಿತ್ತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ವ್ಯಾಪಾರದಲ್ಲಿ ಒಂದು ಸೂಕ್ಷ್ಮವಿದೆ: ಪಕ್ಕದ ಅಂಗಡಿಯ ಮಾಲನ್ನು ದಿನಾ ಹಳಿಯುವವನು ಒಂದು ದಿನ ನಿಜ ಹೇಳಿದರೂ ಗಿರಾಕಿ ಕೇಳುವುದಿಲ್ಲ. ಇದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

ಮಹಡಿಯ ಹುಡುಗಿಯನ್ನೇ ಕರೆದುಕೊಂಡು ಹೋದೆ. ಓದಿದವಳ ಮಾತಿಗೆ ತೂಕವಿರುತ್ತದೆ ಎಂದುಕೊಂಡಿದ್ದೆ. ಅವಳೋ, ಮಗಳ ಮುಂದೆ ಕೂತು, "ಖಚಿತವಾಗಿ ಈಗಲೇ ಹೇಳೋಕಾಗಲ್ಲ... ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇರುತ್ತೆ... ನಮ್ಮ ಟೆಸ್ಟು ಇನ್ನೂ ಮುಗಿದಿಲ್ಲ... ಆದ್ರೆ ಎಚ್ಚರಿಕೆ ಒಳ್ಳೇದು" ಎಂದು ಎಳೆಯತೊಡಗಿದಳು. ನನಗೆ ಅವಳ ಬಾಯಿಗೆ ಕೈ ಹಾಕಿ ಮಾತು ಎಳೆದು ತೆಗೆಯಬೇಕು ಅನ್ನಿಸಿತು. ತಿಳಿದವರು ಅಳೆದು ಮಾತಾಡುತ್ತಾರೆ. ಅದು ಅವರ ಪ್ರಾಮಾಣಿಕತೆ. ಕೇಳುವವರಿಗೆ ಮಾತ್ರ ಅದು ಅನುಮಾನದಂತೆ ಕೇಳಿಸುತ್ತದೆ. ಮಗಳು ನನ್ನ ಕಡೆ ನೋಡಿ, "ಕೇಳಿಸ್ತಾ ಅಮ್ಮ? ಖಚಿತ ಇಲ್ವಂತೆ" ಎಂದಳು.

ಇಲ್ಲೊಂದು ಮಾತು. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಡಾಕ್ಟರ ಹತ್ತಿರ "ಮೀನು ತಿನ್ನಬಹುದಾ" ಎಂದು ಮಾತ್ರ ಕೇಳಬೇಡಿ. ಯಾವ ಮೀನು, ಎಲ್ಲಿ ಹಿಡಿದದ್ದು, ಅದರ ಯಾವ ಭಾಗ, ವಾರಕ್ಕೆ ಎಷ್ಟು ಸಲ ಎಂದು ಬಿಡಿಸಿ ಹೇಳಿ ಕೇಳಿ. ಅರ್ಧ ಪ್ರಶ್ನೆಗೆ ಅರ್ಧ ಉತ್ತರವೇ ಸಿಗುವುದು. ಮಗಳಿಗೂ ಇದನ್ನೇ ಹೇಳಿದೆ. "ಸರಿ, ಮುಂದಿನ ಸಲ ಕೇಳ್ತೀನಿ" ಎಂದಳು. ಮುಂದಿನ ಸಲ ಎಂದರೆ ಮುಂದಿನ ತಿಂಗಳು. ನಡುವೆ ಎಷ್ಟು ಭಾನುವಾರಗಳು!

ಆಗ ನನಗೆ ಹೊಳೆಯಿತು, ಮಗಳ ಜೊತೆ ಚೌಕಾಸಿ ಮಾಡಿ ಉಪಯೋಗವಿಲ್ಲ. ಮಾಲು ಇರುವುದು ಅಕ್ಕನ ಹತ್ತಿರ. ಅಕ್ಕ ಬೇಡ ಎಂದರೆ ಮಗಳು ಬಿಡುತ್ತಾಳೆ. ಎಂದರೆ, ನನ್ನ ಮೊಮ್ಮಗುವನ್ನು ಕಾಪಾಡಲು ನಾನು ಯಾರ ಮೇಲೆ ಉರಿಯುತ್ತಿದ್ದೆನೋ ಅವಳ ಬಾಗಿಲಿಗೇ ಹೋಗಬೇಕು. ಆ ರಾತ್ರಿಯೆಲ್ಲ ಬೇರೆ ದಾರಿ ಹುಡುಕಿದೆ. ಇರಲಿಲ್ಲ.

ಮರುದಿನ ಭದ್ರಾವತಿಯ ಬಸ್ಸು ಹತ್ತಿದೆ. ಭಾವ ಹೊಳೆಗೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿ ತೊಟ್ಟಿಯ ನೀರು ಬದಲಿಸುತ್ತಿದ್ದಳು. ತಳದಲ್ಲಿ ಒಂದು ಬಾಳೆ ಮೀನು ಮೀಸೆ ಅಲುಗಿಸುತ್ತಾ ಮಲಗಿತ್ತು.

"ಏನೇ, ವಾರದ ನಡುವೆ? ಅಂಗಡಿ ಯಾರು ನೋಡ್ಕೋತಾರೆ?" ಎಂದಳು.

"ಅಕ್ಕ, ಕೂತ್ಕೋ. ಜಗಳಕ್ಕೆ ಬಂದಿಲ್ಲ."

"ಹಾಗಂದ್ರೆ ಜಗಳಕ್ಕೇ ಬಂದಿದೀಯ."

ಈ ಸಲ ನಾನು ದನಿಯನ್ನು ಹದದಲ್ಲಿಟ್ಟುಕೊಂಡೆ. ತೊಟ್ಟಿಯನ್ನು ಹಳಿಯಲಿಲ್ಲ. ಕೆಸರು ನಿಜವಾಗಿ ಹೋಗುತ್ತದೆ, ಅದರಲ್ಲಿ ನಿನ್ನ ತಪ್ಪಿಲ್ಲ ಎಂದೇ ಶುರುಮಾಡಿದೆ. ಚರಂಡಿ ಸೇರುವ ಜಾಗ, ಕೆಸರು, ಹುಳು, ಚಿಕ್ಕ ಮೀನು, ದೊಡ್ಡ ಮೀನು, ಲಿವರು, ತಾಯಿ, ಮಗು: ಹುಡುಗಿ ಹೇಳಿದ ಕ್ರಮದಲ್ಲೇ ಹೇಳಿದೆ. ಅವಳು ಅಳೆದದ್ದನ್ನೂ ಅಳೆದೇ ಹೇಳಿದೆ, ಹೆಚ್ಚು ಮಾಡಲಿಲ್ಲ.

ಅಕ್ಕ ಮೊದಲು ಸಿಡುಕಿದಳು. "ನನ್ನ ಕೈಯಾರೆ ಅವಳಿಗೆ ವಿಷ ಹಾಕ್ತಿದೀನಾ ನಾನು? ಆ ಮಗೂನ ಸಾಕಿದ್ದು ಯಾರೇ?"

"ನೀನೇ. ಅದಕ್ಕೇ ನಿನ್ನ ಹತ್ರ ಬಂದಿದೀನಿ."

ಅವಳು ತೊಟ್ಟಿಯ ಅಂಚಿನ ಮೇಲೆ ಕೂತಳು. ಮೀನನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ ಕೇಳಿದಳು:

"ಹಾಗಾದ್ರೆ ನಂದು ಹೋಗಿದ್ದೂ... ಇದರಿಂದಲೇ ಏನೇ?"

ಅಕ್ಕನಿಗೆ ಮದುವೆಯಾದ ಹೊಸದರಲ್ಲಿ ಬಸಿರು ನಿಂತು, ನಿಂತದ್ದು ಹೋಗಿತ್ತು. ಮತ್ತೆ ನಿಂತದ್ದೂ ಹೋಯಿತು. ಆಗಲೂ ಭಾವ ಅದೇ ಹೊಳೆಯಿಂದ ಮೀನು ತರುತ್ತಿದ್ದರು. ಆಗಲೂ ಅತ್ತೆ ತಲೆ, ಲಿವರು ಅವಳಿಗೇ ಬಡಿಸುತ್ತಿದ್ದರು.

ಬಸ್ಸಿನಲ್ಲಿ ಬರುವಾಗ ನನ್ನ ತಲೆಗೂ ಇದು ಬಂದಿತ್ತು. ಬೇರೆ ಯಾವುದೂ ನಡೆಯದಿದ್ದರೆ ಇದನ್ನು ಎತ್ತಬೇಕು ಎಂದು ಹಿಡಿದಿಟ್ಟುಕೊಂಡಿದ್ದೆ. ಹೌದು ಎಂದರೆ ಸಾಕು, ಚೌಕಾಸಿ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಆ ತೊಟ್ಟಿಯನ್ನು ಅವತ್ತೇ ಒಡೆದು ಹಾಕುತ್ತಿದ್ದಳು. ನನ್ನ ಬಾಯಿಗೆ ಬರಲಿಲ್ಲ.

"ಹಾಗೆಲ್ಲ ಯಾರೂ ಹೇಳೋಕಾಗಲ್ಲ ಅಕ್ಕ" ಎಂದೆ. "ಆಗ ಹೊಳೆ ಹೇಗಿತ್ತೋ. ಅದೇ ಮೀನು ತಿಂದು ಬೀದಿ ತುಂಬ ಹೆತ್ತವರಿಲ್ವಾ? ನಿಂದು ಬೇರೆ ಏನೋ. ಅದನ್ನ ಇದಕ್ಕೆ ಗಂಟು ಹಾಕ್ಬೇಡ."

"ಗೊತ್ತಿಲ್ಲ ಅನ್ನು."

"ಗೊತ್ತಿಲ್ಲ."

"ಹೂಂ" ಎಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಸರಿ. ಹೊಳೆ ಮೀನು ಇನ್ನು ಈ ಅಡುಗೆಮನೆಗೆ ಬರಲ್ಲ. ಮಗು ಹಾಲು ಬಿಡೋವರೆಗೂ ಬರಲ್ಲ. ನಿಮ್ಮ ಭಾವಂಗೆ ಹೇಳೋದು ನನಗಿರಲಿ. ಅವಳಿಗೂ ನಾನೇ ಹೇಳ್ತೀನಿ. ನೀನು ಹೇಳಿಕೊಟ್ಟೆ ಅಂತ ಗೊತ್ತಾದ್ರೆ ಹಟ ಮಾಡ್ತಾಳೆ."

ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಹೇಳಿದ ಬೆಲೆಗೆ ಕೂಡಲೇ ಒಪ್ಪಿದ ಗಿರಾಕಿಯ ಮನಸ್ಸಿನಲ್ಲಿ ಬೇರೆ ಲೆಕ್ಕವಿರುತ್ತದೆ. ಕಾಫಿ ಕುಡಿಸಿ, ನನ್ನನ್ನು ಬಾಗಿಲವರೆಗೆ ಬಿಟ್ಟು, ಅಕ್ಕ ಚೌಕಟ್ಟು ಹಿಡಿದು ನಿಂತಳು.

"ಬಾಣಂತನ ಇಲ್ಲಿ ಆಗಬೇಕು" ಎಂದಳು.

"ಏನಂದೆ?"

"ಚೊಚ್ಚಲ ಬಾಣಂತನ. ನನ್ನ ಮನೇಲಿ."

"ಅಕ್ಕ, ಚೊಚ್ಚಲದ್ದು ತಾಯಿ ಮನೇಲಿ ಆಗೋದು. ಜನ ಏನಂತಾರೆ? ನಾನು ಇನ್ನೂ ಬದುಕಿದೀನಿ."

"ನಾನೂ ಬದುಕಿದೀನಿ ಮಾರಾಯ್ತಿ. ನಿಂಗೆ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತಿದ್ರೆ ರಾತ್ರಿ ಇಳಿಸೋದು. ಬಾಣಂತಿ ಬೆನ್ನಿಗೆ ಎಣ್ಣೆ ಹಚ್ಚೋರು ಯಾರು, ಗಿರಾಕಿನಾ?"

"ಅರ್ಧ ನಿನ್ನಲ್ಲಿ, ಅರ್ಧ ನನ್ನಲ್ಲಿ."

"ಕೂಸೇನು ಬಾಡಿಗೆ ಪಾತ್ರೆಯೇನೇ, ಅಲ್ಲಿಷ್ಟು ದಿನ ಇಲ್ಲಿಷ್ಟು ದಿನ ಅಂತ ಕೊಡೋಕೆ?"

"ಆಸ್ಪತ್ರೆಯಿಂದ ಮೊದಲು ನನ್ನ ಮನೆಗೆ. ತೊಟ್ಟಿಲು ಹಾಕಿ ಆದಮೇಲೆ ನಿನ್ನ ಹತ್ರ."

"ಆಗಲ್ಲ."

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾನು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇನೆ, ಹಿಂದಿನಿಂದ ಕರೆಯುತ್ತಾರೆ ಎಂಬ ಧೈರ್ಯದ ಮೇಲೆ. ಚಪ್ಪಲಿ ಮೆಟ್ಟಿದೆ ಕೂಡ. ಬೀದಿಯ ತಿರುವಿನವರೆಗೆ ನಡೆದೆ. ಅಕ್ಕ ಕರೆಯಲಿಲ್ಲ. ತಿರುಗಿ ನೋಡಿದೆ, ಚೌಕಟ್ಟು ಹಿಡಿದು ಹಾಗೇ ನಿಂತಿದ್ದಳು. ಅವಳ ಮುಖದಲ್ಲಿ ಹಟವಿರಲಿಲ್ಲ. ಆಸೆ ಇತ್ತು, ಅದನ್ನು ಮುಚ್ಚಿಡಲೂ ಅವಳು ಪ್ರಯತ್ನಿಸಲಿಲ್ಲ. ಬೇಕೇಬೇಕು ಎಂದು ಮುಖದಲ್ಲಿ ತೋರಿಸಿಕೊಂಡವರ ಹತ್ತಿರ ನಾನು ಯಾವತ್ತೂ ಬೆಲೆ ಏರಿಸಿದವಳು. ಅವತ್ತು ತಿರುಗಿ ಹೋದೆ.

"ಮೀನು ಮಾತ್ರ ನಾನೇ ತರೋದು" ಎಂದೆ. "ಯಾವ ಮೀನು, ಎಲ್ಲಿದು, ನಾನೇ ನೋಡಿ ತರ್ತೀನಿ. ನೀನು ಮಾಡು."

"ಮಾಡ್ತೀನಿ" ಎಂದಳು ಅಕ್ಕ. "ಐಸಲ್ಲಿಟ್ಟಿದ್ದು ತರಬೇಡ."

ಅಲ್ಲೇ ನಿಂತು ಅವಳು ಮಗಳಿಗೆ ಫೋನು ಮಾಡಿದಳು, ನನ್ನೆದುರೇ, ಸ್ಪೀಕರ್ ಹಾಕಿ. "ಪುಟ್ಟಿ, ಇನ್ನು ಹೊಳೆ ಮೀನು ಬೇಡ ಕಣೇ. ಯಾಕೋ ಆ ಚರಂಡಿ ನೀರು ನೋಡಿದ್ರೆ ಮನಸ್ಸು ಒಪ್ತಿಲ್ಲ. ನೀನು ತಿನ್ನಬೇಡ, ನಾನೂ ತಿನ್ನಲ್ಲ. ಬೇರೆ ಮೀನು ತರಿಸಿ ಮಾಡ್ತೀನಿ."

ಆ ಕಡೆಯಿಂದ ಮಗಳು, "ಸರಿ ದೊಡ್ಡಮ್ಮ" ಎಂದಳು.

ಅಷ್ಟೇ. ಯಾಕೆ ಎನ್ನಲಿಲ್ಲ, ಖಚಿತವಾ ಎನ್ನಲಿಲ್ಲ. ನಾನು ಹುಡುಗಿಯನ್ನು ಕರೆದೊಯ್ದು, ಸೀಸ ಪಾದರಸ ಎಂದು ಗಂಟಲು ಹರಿದುಕೊಂಡದ್ದಕ್ಕೆ ಸಿಗದ 'ಸರಿ' ಅಕ್ಕನ "ಯಾಕೋ" ಎಂಬುದಕ್ಕೆ ಸಿಕ್ಕಿತು. ಎದೆಯ ಭಾರ ಇಳಿಯಿತು. ಇಳಿದ ಜಾಗದಲ್ಲಿ ಉರಿ ಹತ್ತಿತು.

ತೊಟ್ಟಿಯಲ್ಲಿದ್ದ ಮೀನನ್ನು ಭಾವ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿ ಹೊಳೆಗೇ ಬಿಟ್ಟರಂತೆ. "ಇನ್ನೊಬ್ಬರು ಹಿಡೀತಾರೆ ಬಿಡು" ಎಂದರಂತೆ. ನಿಜ, ಹಿಡಿದೇ ಹಿಡಿಯುತ್ತಾರೆ. ಆ ಬೀದಿಯ ಉಳಿದ ತೊಟ್ಟಿಗಳಲ್ಲಿ ಈಗಲೂ ಮೀನು ಈಜುತ್ತಿವೆ. ಅಕ್ಕನ ಪಕ್ಕದ ಮನೆಯವರಿಗೆ ಹೇಳಿದೆ. "ನಾವು ದಿನಾ ನೀರು ಬದಲಾಯಿಸ್ತೀವಲ್ಲ" ಎಂದರು. ಅವರಿಗೆ ಹೇಳಿಸಲು ಅವರವರ ಮನೆಯ ದೊಡ್ಡಮ್ಮಂದಿರನ್ನು ನಾನು ಎಲ್ಲಿಂದ ತರಲಿ?

ಮುಂದಿನ ತಿಂಗಳು ಡಾಕ್ಟರ ಹತ್ತಿರ ಮಗಳು ಪೂರ್ತಿ ಪ್ರಶ್ನೆ ಕೇಳಿದಳಂತೆ. ಬಿಟ್ಟದ್ದು ಒಳ್ಳೆಯದಾಯಿತು ಎಂದರಂತೆ. ಅದನ್ನೂ ಮೊದಲು ಅಕ್ಕನಿಗೆ ಫೋನು ಮಾಡಿ ಹೇಳಿದಳು.

ಮಗು ಹುಟ್ಟಿತು, ಹೆಣ್ಣು. ಅಳು ಗಟ್ಟಿ, ಹಿಡಿತ ಗಟ್ಟಿ, ತೂಕ ಸರಿಯಾಗಿದೆ ಎಂದರು. ಆ ಮೀನು ತಿನ್ನುತ್ತಲೇ ಹೋಗಿದ್ದರೆ ಏನಾಗುತ್ತಿತ್ತೋ, ಏನೂ ಆಗುತ್ತಿರಲಿಲ್ಲವೋ, ಗೊತ್ತಿಲ್ಲ. ಆಗದೆ ಹೋದ ಕೇಡನ್ನು ಯಾವ ತಕ್ಕಡಿಯಲ್ಲೂ ತೂಗಲಾಗದು. ವ್ಯಾಪಾರದಲ್ಲಿ ನಾನು ಇಷ್ಟು ಕೊಟ್ಟು ಕಣ್ಣಿಗೆ ಕಾಣದ್ದನ್ನು ಕೊಂಡದ್ದು ಇದೊಂದೇ ಸಲ.

ಆಸ್ಪತ್ರೆಯಿಂದ ಕಾರು ನೇರವಾಗಿ ಭದ್ರಾವತಿಗೆ ಹೋಯಿತು. ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ. ಊರ ಕೊಳೆ ಸೇರದ ಕೆರೆಯೊಂದರಿಂದ ತರುವವನನ್ನು ಹುಡುಕಿ, ಅಂಗೈಗಿಂತ ಸ್ವಲ್ಪ ಉದ್ದದ ಮೀನು ಆರಿಸಿ, ತಲೆ ಕಿವಿರು ಒಳಗಿನದೆಲ್ಲ ತೆಗೆಸಿ ಒಯ್ಯುತ್ತಿದ್ದೆ. ಒಂದು ವಾರ ಅದಾದರೆ ಇನ್ನೊಂದು ವಾರ ಸಮುದ್ರದ ಬೂತಾಯಿ ಮೀನು, ಐಸಿನದ್ದೇ. ಅಕ್ಕ ಮೂಗು ಮುರಿದಳು, ಮಾಡಿದಳು.

ಒಂದು ದಿನ ನಾನು ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದೆ. ಮಗು ನೋಡಲು ಬಂದಿದ್ದ ನೆರೆಯ ಹೆಂಗಸಿಗೆ ಮಗಳು ಒಳಗೆ ಹೇಳುತ್ತಿದ್ದದ್ದು ಕೇಳಿಸಿತು: "ನಮ್ಮ ದೊಡ್ಡಮ್ಮ ನನಗೋಸ್ಕರ ಹೊಳೆ ಮೀನೇ ಬಿಟ್ಟುಬಿಟ್ರು ಗೊತ್ತಾ? ನಾನು ಕೇಳಿರಲೂ ಇಲ್ಲ. ಅವರಿಗೇ ಹೊಳೀತು."

ಅಕ್ಕ ಒಲೆಯ ಹತ್ತಿರ ಇದ್ದಳು, ಅವಳಿಗೂ ಕೇಳಿಸಿತ್ತು. ಅವಳು ಒಳಗೆ ಹೋಗಿ "ನಾನಲ್ಲ ಕಣೇ, ನಿಮ್ಮಮ್ಮ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಬಾರದೆಂಬುದು ನಮ್ಮ ಒಪ್ಪಂದವೇ ಆಗಿತ್ತು, ಆದರೂ ಹೇಳಬಹುದಿತ್ತು. ನಾನೂ ಮೀನಿನ ಪಾತ್ರೆಯನ್ನು ಜೋರಾಗಿ ಕುಕ್ಕಿ ಒಳಗೆ ನುಗ್ಗಬಹುದಿತ್ತು. ಹಾಲು ಬಿಡಿಸಲು ಇನ್ನೂ ಬಹಳ ತಿಂಗಳು ಬಾಕಿ ಇದ್ದವು. ಮಗಳಿಗೆ ಮತ್ತೆ ಹಟ ಹತ್ತುವುದು ನನಗೆ ಬೇಕಿರಲಿಲ್ಲ. ಮೀನನ್ನು ತೊಳೆದು ಮುಗಿಸಿದೆ.

"ಬಾರೇ, ಮಗುಗೆ ನೀರು ಹಾಕೋಣ" ಎಂದು ಅಕ್ಕ ಬಚ್ಚಲಿನಿಂದ ಕರೆದಳು.

ಅವಳು ಮಣೆಯ ಮೇಲೆ ಕೂತು, ಕಾಲು ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಿದ್ದಳು. ನಾನು ಹಂಡೆಯ ಪಕ್ಕ ನಿಂತು ಚೊಂಬಿನಲ್ಲಿ ನೀರು ಎತ್ತಿ ಅವಳ ಅಂಗೈ ಮೇಲೆ ಹುಯ್ದೆ. ಅವಳ ಅಂಗೈಯಿಂದ ನೀರು ಮಗುವಿನ ಬ್ರಹ್ಮರಂಧ್ರದ ಮೇಲೆ ಇಳಿಯಿತು.

"ಬಿಸಿ ಜಾಸ್ತಿ ಆಯ್ತು" ಎಂದಳು ಅಕ್ಕ.

ಆಗಿರಲಿಲ್ಲ. ನಾನೇ ಮೊಣಕೈ ಅದ್ದಿ ನೋಡಿದ್ದೆ. ಆದರೂ ಒಂದು ಚೊಂಬು ತಣ್ಣೀರು ಬೆರೆಸಿದೆ.